ಮುಂದಿನ ಕೋಣೆಯ ಪೆಟ್ಟಿಗೆಗಳು

"ಏನಂತ ಸಾಕ್ಷಿ ಹೇಳ್ತೀರೋ? ಈ ವರ್ಷ ಊರಲ್ಲಿ ಜನ ಚೆನ್ನಾಗಿ ಸತ್ತರು, ದೇವರಿಗೆ ಸ್ತೋತ್ರ ಅಂತಾನಾ?"

ಭಾನುವಾರದ ಊಟದ ನಡುವೆ ಅಜ್ಜಿ ಹೀಗೆ ಕೇಳಿದ್ದೇ ತಡ, ಸೊಸೆಗೆ ಕುಡಿಯುತ್ತಿದ್ದ ನೀರು ನೆತ್ತಿಗೇರಿತು. ಮೇಸ್ತ್ರಿಯ ಹೆಂಡತಿ ಅವಳ ಬೆನ್ನು ತಟ್ಟುತ್ತಾ ತನ್ನ ನಗುವನ್ನೂ ನುಂಗಿಕೊಂಡಳು. ಮೇಸ್ತ್ರಿ ತಟ್ಟೆಯಿಂದ ತಲೆ ಎತ್ತಲಿಲ್ಲ. ಅವನ ಮಗನ ಮುಖ ಮಾತ್ರ ಕೆಂಪಾಯಿತು.

"ಊಟ ಮಾಡೋವಾಗಾದ್ರೂ ಸುಮ್ನಿರು ಅಜ್ಜಿ."

"ನಾನೇನು ಕೆಟ್ಟದ್ದು ಅಂದೆ? ಬಟ್ಟೆ ಅಂಗಡಿಯವನು ವ್ಯಾಪಾರ ಚೆನ್ನಾಗಾಯ್ತು ಅಂದ್ರೆ ಒಂದು ಅರ್ಥ ಇದೆ. ನಮ್ಮ ಬಾಗಿಲಿಗೆ ಯಾರಾದ್ರೂ ನಗ್ತಾ ಬರ್ತಾರೇನೋ?"

ಆ ದಿನ ಬೆಳಿಗ್ಗೆ ಚರ್ಚಿನ ಬಾಗಿಲಲ್ಲಿ ಸಭಾಪಾಲಕರು ಮೇಸ್ತ್ರಿಯ ಕೈ ಹಿಡಿದು ನಿಲ್ಲಿಸಿದ್ದರು. ಬರುವ ತಿಂಗಳ ಕೊನೆಯ ಭಾನುವಾರ ಕೃತಜ್ಞತೆಯ ಆರಾಧನೆ. ಮೇಸ್ತ್ರಿಯ ಮನೆಯವರೆಲ್ಲ ಮುಂದೆ ಬಂದು, ದೇವರು ತಮ್ಮನ್ನು ಹೇಗೆ ಆಶೀರ್ವದಿಸಿದ ಎಂದು ಸಾಕ್ಷಿ ಹೇಳಬೇಕು ಎಂದು ಕೇಳಿದ್ದರು. "ಕಷ್ಟದಲ್ಲಿರೋ ನಾಲ್ಕು ಜನಕ್ಕೆ ಧೈರ್ಯ ಬರುತ್ತೆ ಮೇಸ್ತ್ರಿ," ಎಂದಿದ್ದರು.

ಮೇಸ್ತ್ರಿಯ ಕಸುಬು ಶವಪೆಟ್ಟಿಗೆ ಮಾಡುವುದು. ಅವನ ಅಪ್ಪನೂ ಅದನ್ನೇ ಮಾಡುತ್ತಿದ್ದ. ಸುತ್ತಲಿನ ಬೀದಿಗಳಲ್ಲಿ ಆ ಮನೆಗೆ ಪೆಟ್ಟಿಗೆ ಮನೆ ಎಂದೇ ಹೆಸರು. ಮನೆಯ ಹಿಂದೆ ತಗಡಿನ ಶೆಡ್ಡು. ಅಲ್ಲಿ ಹಲಗೆ ಕೊಯ್ದು, ಉಜ್ಜಿ, ಮೊಳೆ ಹೊಡೆದು, ಮುಚ್ಚಳದ ಮೇಲೆ ಒಂದು ಮರದ ಶಿಲುಬೆ ಕೂರಿಸಿದರೆ ಪೆಟ್ಟಿಗೆ ಸಿದ್ಧ. ಬಂದವರು ಯಾರು, ಸತ್ತವರು ಯಾರು ಎಂದು ವಿಚಾರಿಸಿ ಮೇಸ್ತ್ರಿ ಬೆಲೆ ಹೇಳುತ್ತಿದ್ದ. ಕೆಲವರಿಗೆ ಹೇಳುತ್ತಲೇ ಇರಲಿಲ್ಲ. ಆ ದಿನಗಳಲ್ಲಿ ಅವನ ಹೆಂಡತಿ ಮರದ ಚೂರುಗಳನ್ನು ಒಲೆಗೆ ಹಾಕಿ, ಹೊಗೆಯಲ್ಲಿ ಕಣ್ಣೊರೆಸಿಕೊಳ್ಳುತ್ತಾ ಅಡುಗೆ ಮಾಡುತ್ತಿದ್ದಳು. ತಿಂಗಳ ಕೊನೆಗೆ ಬೇಳೆಗೆ ನೀರು ಹೆಚ್ಚು ಬೀಳುತ್ತಿತ್ತು.

ಮಗ ಮೊದಲು ಒಂದು ಪೀಠೋಪಕರಣಗಳ ಅಂಗಡಿಯಲ್ಲಿ ಕೆಲಸಕ್ಕಿದ್ದ. ಮದುವೆಯಾದ ಮೇಲೆ ಅದನ್ನು ಬಿಟ್ಟು ಅಪ್ಪನ ಕಸುಬಿಗೆ ಬಂದ. ಬಂದವನೇ ಬೀದಿಗೆ ಮುಖ ಮಾಡಿದ್ದ ಕೋಣೆಯ ಗೋಡೆ ಒಡೆಸಿ ಗಾಜು ಹಾಕಿಸಿದ. ಒಳಗೆ ಪಾಲಿಶ್ ಮಾಡಿದ, ಹಿತ್ತಾಳೆ ಹಿಡಿಕೆಯ ಪೆಟ್ಟಿಗೆಗಳನ್ನಿಟ್ಟು ದೀಪ ಹಾಕಿದ. ಒಳಗಡೆ ಮೆತ್ತನೆಯ ಸ್ಯಾಟಿನ್ ಬಟ್ಟೆ ಹೊಲಿದು ಹಾಕಿದರೆ ಚೆನ್ನಾಗಿರುತ್ತದೆ ಎಂದವಳು ಸೊಸೆ. ಹೊಲಿದವಳೂ ಅವಳೇ. ಅಲ್ಲಿಂದ ಮುಂದೆ ವ್ಯಾಪಾರ ಕುದುರಿತು. ಒಂದು ವ್ಯಾನ್ ಬಂತು. ಅಡುಗೆಮನೆಗೆ ಗ್ಯಾಸ್ ಬಂತು, ಬಚ್ಚಲಲ್ಲಿ ನಲ್ಲಿ ತಿರುಗಿಸಿದರೆ ಬಿಸಿನೀರು ಬಂತು. ಹಲಗೆ ಉಜ್ಜಲು ಯಂತ್ರ ಬಂದಿದ್ದರಿಂದ ಮೇಸ್ತ್ರಿಯ ಮಂಡಿನೋವು ಅರ್ಧಕ್ಕಿಳಿಯಿತು. ಬಂದದ್ದರಲ್ಲಿ ದಶಮಾಂಶವನ್ನು ಮಗ ತಪ್ಪದೆ ಚರ್ಚಿಗೆ ಕೊಡುತ್ತಿದ್ದ. ಸೋರುತ್ತಿದ್ದ ಚರ್ಚಿನ ಮಾಡು ರಿಪೇರಿಯಾದದ್ದರಲ್ಲಿ ಅವನ ಪಾಲು ದೊಡ್ಡದು. ಅಂದಿನಿಂದ ಆರಾಧನೆಯಲ್ಲಿ ಈ ಮನೆಯವರಿಗೆ ಎರಡನೇ ಸಾಲಿನ ಬೆಂಚಿನಲ್ಲಿ ಯಾರೂ ಹೇಳದೆಯೇ ಜಾಗ ಬಿಡುತ್ತಿದ್ದರು.

ಮೇಸ್ತ್ರಿಗೆ ಇದೆಲ್ಲ ಬೇಡವಾಗಿತ್ತು ಎಂದರೆ ಸುಳ್ಳಾಗುತ್ತದೆ. ಬಿಸಿನೀರನ್ನು ಹೆಗಲ ಮೇಲೆ ಸುರಿದುಕೊಳ್ಳುವಾಗ ಅವನು ಬಚ್ಚಲಲ್ಲೇ ಜೋರಾಗಿ ಕೀರ್ತನೆ ಹಾಡುತ್ತಿದ್ದ. ಎರಡನೇ ಸಾಲಿನ ಬೆಂಚೂ ಅವನಿಗೆ ಹಿತವಾಗಿಯೇ ಇತ್ತು.

"ಅಪ್ಪ, ಸಾಕ್ಷಿಗೆ ನಾನು ನಾಲ್ಕು ಮಾತು ಬರೆದುಕೊಡ್ತೀನಿ. ಕೊಟ್ಟವನಿಗೆ ದೇವರು ಕೊಡ್ತಾನೆ, ಅಷ್ಟೇ ವಿಷಯ," ಎಂದ ಮಗ ಕೋಳಿಯ ತುಂಡನ್ನು ಅಪ್ಪನ ತಟ್ಟೆಗೆ ಹಾಕುತ್ತಾ.

"ನೋಡೋಣ," ಎಂದ ಮೇಸ್ತ್ರಿ.

ಆ ವಾರವೇ ಅಜ್ಜಿ ಇನ್ನೊಂದು ತಕರಾರು ತೆಗೆದಳು. ಬಹಳ ಹಿಂದೆ ಮೇಸ್ತ್ರಿ ಒಳ್ಳೆಯ ಹಲಗೆ ಸಿಕ್ಕಾಗ ತಾಯಿಗೆಂದೇ ಒಂದು ಪೆಟ್ಟಿಗೆ ಮಾಡಿ ಶೆಡ್ಡಿನ ಅಟ್ಟದಲ್ಲಿ ಎತ್ತಿಟ್ಟಿದ್ದ. ಈಗ ಅಜ್ಜಿ ಕೋಲೂರಿಕೊಂಡು ಮುಂದಿನ ಕೋಣೆಗೆ ಬಂದು, ಬಿಳಿ ಸ್ಯಾಟಿನ್ ಹಾಕಿದ ಪೆಟ್ಟಿಗೆಯ ಒಳಗೆ ಕೈಯಾಡಿಸಿ ನೋಡಿದಳು.

"ನನಗೆ ಇದೇ ಇರಲಿ."

ಮೇಸ್ತ್ರಿಗೆ ನೋವಾಯಿತು. "ಅಮ್ಮ, ನಿನಗೆ ಅಂತ ನಾನೇ ಕೈಯಾರೆ ಮಾಡಿಟ್ಟಿದ್ದೀನಲ್ಲ. ಅಂಥ ಹಲಗೆ ಈಗ ಹುಡುಕಿದರೂ ಸಿಗಲ್ಲ."

"ಸಿಗದಿದ್ರೆ ನೀನೇ ಇಟ್ಕೋ. ಹುಟ್ಟಿದಾಗಿನಿಂದ ಚಾಪೆ ಮೇಲೆ ಮಲಗಿದ್ದೀನಿ ಮಗನೇ. ಒಂದು ಸಲವಾದರೂ ಮೆತ್ತಗೆ ಮಲಗ್ತೀನಿ ಬಿಡು. ಬೇಡ ಅನ್ನೋಕೆ ದೇವರು ಜಿಪುಣನೇನೋ?"

ಸೊಸೆ ನಕ್ಕು, "ನಿಮಗೆ ಅಂಚಿಗೆ ಲೇಸು ಬೇರೆ ಹಾಕಿಕೊಡ್ತೀನಿ ಅಜ್ಜಿ," ಎಂದಳು. ಮಗನಿಗೆ ಗೆದ್ದಷ್ಟು ಸಂತೋಷ. "ನೋಡಿದ್ರಾ ಅಪ್ಪ? ಅಜ್ಜಿಗೇ ಇಷ್ಟ ಅಂದಮೇಲೆ ಬೇರೆಯವರಿಗೆ ಯಾಕೆ ಇಷ್ಟವಾಗಬಾರದು?" ಮೇಸ್ತ್ರಿ ಶೆಡ್ಡಿಗೆ ಹೋಗಿ ಗರಗಸದ ಹಲ್ಲು ಹರಿತ ಮಾಡುತ್ತಾ ಕೂತ.

ಮುಂದಿನ ಕೋಣೆಯಲ್ಲಿ ಗಿರಾಕಿಗಳ ಜೊತೆ ಮಾತಾಡುವುದು ಮಗನ ಕೆಲಸ. ಸೊಸೆ ಪಕ್ಕದ ಬಾಗಿಲ ಬಳಿ ಹೊಲಿಗೆ ಮಿಷನ್ ಇಟ್ಟುಕೊಂಡಿದ್ದರಿಂದ ಅವನ ಮಾತೆಲ್ಲ ಅವಳ ಕಿವಿಗೆ ಬೀಳುತ್ತಿತ್ತು. ಅವನು ಯಾರಿಗೂ ಒತ್ತಾಯ ಮಾಡುತ್ತಿರಲಿಲ್ಲ. ಕುರ್ಚಿ ಕೊಟ್ಟು, ನೀರು ಕೊಟ್ಟು, ಮೆತ್ತಗೆ ಮಾತಾಡುತ್ತಿದ್ದ. ಕೊನೆಗೆ ಒಂದೇ ಮಾತು ಹೇಳುತ್ತಿದ್ದ: "ಅವರಿಗೆ ಅಂತ ನೀವು ಕೊಡೋದು ಇದೇ ಕೊನೇದು." ಆ ಮಾತು ಕೇಳಿದವರು ಕಣ್ಣೊರೆಸಿಕೊಂಡು ದುಬಾರಿಯದರ ಕಡೆಗೇ ಕೈ ತೋರಿಸುತ್ತಿದ್ದರು. ಯಾರಾದರೂ ಕೇಳಿದರೆ ಮಾತ್ರ, ಸಾದಾ ಪೆಟ್ಟಿಗೆಗಳು ಹಿಂದಿನ ಶೆಡ್ಡಿನಲ್ಲಿವೆ ಎನ್ನುತ್ತಿದ್ದ. ಸತ್ತವರನ್ನು ಮನೆಯಲ್ಲಿ ಮಲಗಿಸಿ ಬಂದವರಿಗೆ ಅಷ್ಟೆಲ್ಲ ಕೇಳುವ ತಾಳ್ಮೆ ಎಲ್ಲಿರುತ್ತದೆ?

ಒಂದು ಬೆಳಿಗ್ಗೆ ಒಬ್ಬ ಹೆಂಗಸು ಒಬ್ಬಳೇ ಬಂದಳು. ಗಂಡ ದರ್ಜಿ, ಕೆಲಸ ಮಾಡುತ್ತಾ ಕೂತಲ್ಲೇ ಎದೆ ಹಿಡಿದುಕೊಂಡು ಕುಸಿದು, ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಹೋಗಿಬಿಟ್ಟಿದ್ದ. ಅವಳು ಅಳಲಿಲ್ಲ. ಗಾಜಿನ ಹತ್ತಿರದ ಪೆಟ್ಟಿಗೆಯ ಸ್ಯಾಟಿನ್ನನ್ನು ಬೆರಳಲ್ಲಿ ಹಿಡಿದು, "ಹೊಲಿಗೆ ಚೆನ್ನಾಗಿದೆ. ಯಾರು ಹೊಲಿದದ್ದು?" ಎಂದು ಕೇಳಿದಳು. ಒಳಗಿದ್ದ ಸೊಸೆಗೆ ಹಿಗ್ಗಾಯಿತು. ಆಮೇಲೆ ಮಗ ತನ್ನ ಆ ಮಾತು ಹೇಳಿದ. ಹೆಂಗಸು ಅದೇ ಪೆಟ್ಟಿಗೆ ತೆಗೆದುಕೊಂಡಳು.

ಎರಡು ವಾರ ಕಳೆದಿರಬಹುದು. ಮಗ ವ್ಯಾನಿನಿಂದ ಒಂದು ಹೊಲಿಗೆ ಮಿಷನ್ ಇಳಿಸಿ ತಂದು ಹೆಂಡತಿಯ ಮುಂದಿಟ್ಟ.

"ತಗೋ. ನಿನ್ನ ಹಳೇದು ಗೋಳಾಡಿಸ್ತಿತ್ತಲ್ಲ. ಒಳ್ಳೇ ಮಿಷನ್, ಪೇಟೆಯ ದಲ್ಲಾಳಿ ಹತ್ರ ಸಿಕ್ತು. ಇನ್ನು ಎರಡು ಪಟ್ಟು ಕೆಲಸ ಆಗುತ್ತೆ."

ಮಿಷನ್ ನಿಜಕ್ಕೂ ಚೆನ್ನಾಗಿತ್ತು. ಎಣ್ಣೆ ಹಾಕಿ ಒರೆಸಿ ಇಟ್ಟುಕೊಂಡಿದ್ದರು ಯಾರೋ. ಹಲಗೆಯ ಅಂಚು, ಬಟ್ಟೆ ಎಳೆದೂ ಎಳೆದೂ ನುಣುಪಾಗಿತ್ತು. ಸೊಸೆ ಎರಡು ದಿನ ಅದರಲ್ಲೇ ಹೊಲಿದಳು. ಮೂರನೇ ದಿನ ಆ ದರ್ಜಿಯ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಒಂದು ಸಣ್ಣ ಡಬ್ಬಿ.

"ದಲ್ಲಾಳಿ ಹೇಳಿದ, ಇಲ್ಲಿಗೆ ಬಂದಿದೆ ಅಂತ. ಇದು ಮಿಷನ್ನಿಂದು. ಬಾಬಿನ್ನು, ಸೂಜಿ, ಒಂದು ಬೆಲ್ಟು ಇದೆ. ಮನೇಲೇ ಉಳಿದುಹೋಗಿತ್ತು. ಮಾರಿದಮೇಲೆ ಇದನ್ನ ಇಟ್ಕೊಳ್ಳೋದು ಸರಿಯಲ್ಲ ಅಂತ ತಂದೆ."

ಸೊಸೆ ಡಬ್ಬಿಯನ್ನೂ ಮಿಷನ್ನನ್ನೂ ನೋಡಿ, "ನಿಮಗೂ ಹೊಲಿಯೋಕೆ ಬರುತ್ತಾ?" ಎಂದಳು.

"ಬರದೆ ಏನು? ಗುಂಡಿ, ಕಾಜ, ಶಾಲೆ ಮಕ್ಕಳ ಬಟ್ಟೆ ಎಲ್ಲ ನಾನೇ ಹೊಲೀತಿದ್ದೆ. ಅವರು ಕತ್ತರಿಸಿಕೊಡೋರು."

"ಮತ್ತೆ ಯಾಕೆ ಮಾರಿದ್ರಿ?"

ಹೆಂಗಸು ಮುಂದಿನ ಕೋಣೆಯ ಕಡೆ ನೋಡಿದಳು. ಅವಳ ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. "ಪೆಟ್ಟಿಗೆಗೆ ಅಂತ ಅವರಿವರ ಹತ್ರ ಸಾಲ ತಂದಿದ್ದೆ, ಕೊಡಬೇಕಿತ್ತಲ್ಲ. ಒಳ್ಳೇ ಪೆಟ್ಟಿಗೆ ಅಮ್ಮ. ನೋಡಿದವರೆಲ್ಲ ಚೆನ್ನಾಗಿದೆ ಅಂದ್ರು. ಮಧ್ಯಾಹ್ನದವರೆಗೆ ನೋಡಿದ್ವಿ. ಆಮೇಲೆ ಮಣ್ಣು ಹಾಕಿದ್ವಿ."

ಡಬ್ಬಿಯನ್ನು ಕಿಟಕಿಯ ಮೇಲಿಟ್ಟು ಅವಳು ಹೊರಟುಹೋದಳು. ಸೊಸೆ ಚಹಾ ಕುಡಿದು ಹೋಗಿ ಎಂದು ಕರೆದದ್ದು ಅವಳಿಗೆ ಕೇಳಿಸಿತೋ ಇಲ್ಲವೋ.

ಅಂದು ಸಂಜೆ ಊಟಕ್ಕೆ ಕೂತಾಗ ಸೊಸೆ ನಡೆದದ್ದನ್ನೆಲ್ಲ ಹೇಳಿದಳು. ಹೇಳಿ, "ಆ ಮಿಷನ್ನಿನಲ್ಲಿ ನಾನು ಹೊಲಿಯಲ್ಲ ರೀ. ತಗೊಂಡು ಹೋಗಿ ಕೊಟ್ಟುಬನ್ನಿ," ಎಂದಳು.

"ಯಾಕೆ? ಕದ್ದು ತಂದಿದ್ದೀನಾ? ಕೇಳಿದ ಬೆಲೆ ಕೊಟ್ಟು ತಂದಿದ್ದೀನಿ."

"ಕದ್ದದ್ದು ಅಂತ ನಾನೆಲ್ಲಿ ಹೇಳಿದೆ? ನಮ್ಮ ಪೆಟ್ಟಿಗೆಗೋಸ್ಕರ ಆ ಮನೆ ಮಿಷನ್ ಹೋಯ್ತು. ಅದೇ ಮಿಷನ್ನಲ್ಲಿ ಇನ್ನೊಂದು ಪೆಟ್ಟಿಗೆಗೆ ನಾನು ಹೊಲೀಬೇಕಾ?"

"ಅವಳಿಗೆ ದುಬಾರಿದೇ ತಗೋ ಅಂತ ನಾನು ಹೇಳಿದ್ನಾ?"

"ಹೇಳಿದ್ರಿ. ನಾನು ಕೇಳಿಸ್ಕೊಂಡೆ. ಹಿಂದೆ ಸಾದಾ ಪೆಟ್ಟಿಗೆ ಇದೆ ಅಂತ ಮಾತ್ರ ಹೇಳಲಿಲ್ಲ. ನನ್ನದೂ ತಪ್ಪಿದೆ. ಹೊಲಿಗೆ ಚೆನ್ನಾಗಿದೆ ಅಂದಿದ್ದಕ್ಕೆ ಉಬ್ಬಿ ಸುಮ್ಮನೆ ಕೂತಿದ್ದೆ."

ಮೇಸ್ತ್ರಿ ಬ್ರೆಡ್ಡು ಮುರಿಯುತ್ತಿದ್ದವನು ಕೈ ನಿಲ್ಲಿಸಿದ. "ಪೆಟ್ಟಿಗೆಗೆ ಅಂತ ಆಯಮ್ಮ ಇಷ್ಟು ದೂರ ನಮ್ಮನ್ನೇ ಹುಡುಕಿಕೊಂಡು ಹೇಗೆ ಬಂದಳು?"

ಮಗ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. "ಆಸ್ಪತ್ರೆಯ ಶವಾಗಾರದವನು ಕಳಿಸಿರಬೇಕು."

"ಅವನು ಯಾಕೆ ಕಳಿಸ್ತಾನೆ?"

"ಕಳಿಸಿದ್ದಕ್ಕೆ ಅವನಿಗೂ ಏನೋ ಕೊಡ್ತೀನಿ. ಎಲ್ಲರೂ ಕೊಡ್ತಾರೆ ಅಪ್ಪ. ಕೊಡದಿದ್ರೆ ಬೇರೆ ಅಂಗಡಿಗೆ ಕಳಿಸ್ತಾನೆ." ಈಗ ಅವನ ದನಿ ಏರಿತು. "ನೀವೆಲ್ಲ ನನ್ನನ್ನೇ ಹಾಗೆ ನೋಡ್ತೀರಲ್ಲ, ಈ ತಟ್ಟೆಗೆ ಕೋಳಿ ಬಂದದ್ದು ಎಲ್ಲಿಂದ? ನಿಮ್ಮ ಮಂಡಿಗೆ ಔಷಧಿ ಎಲ್ಲಿಂದ? ದಶಮಾಂಶ ಕೊಟ್ಟದ್ದೂ ಅದರಲ್ಲೇ. ಚರ್ಚಿನ ಮಾಡು ಅದರಲ್ಲೇ ಆದದ್ದು. ಆಗ ಯಾರೂ ಬೇಡ ಅನ್ನಲಿಲ್ಲ."

ಮೇಸ್ತ್ರಿಯ ಹೆಂಡತಿ ತಟ್ಟೆಗಳನ್ನು ಸದ್ದು ಮಾಡುತ್ತಾ ಒಂದರ ಮೇಲೊಂದು ಇಟ್ಟಳು. "ನನಗೆ ನ್ಯಾಯ ಗೊತ್ತಿಲ್ಲ. ಮತ್ತೆ ಆ ಹೊಗೆ ಒಲೆ ಮುಂದೆ ಕೂರಬೇಕು ಅಂತಿದ್ರೆ ಈಗಲೇ ಹೇಳಿಬಿಡಿ. ನಾನು ನನ್ನ ತಂಗಿ ಮನೆಗೆ ಹೋಗ್ತೀನಿ."

"ನನ್ನ ಸ್ಯಾಟಿನ್ ಪೆಟ್ಟಿಗೆನೂ ವಾಪಸ್ ಕೇಳಬೇಡಿ," ಎಂದಳು ಅಜ್ಜಿ. ಯಾರೂ ನಗಲಿಲ್ಲ.

ಮಾರನೆಯ ದಿನ ಮೇಸ್ತ್ರಿ ಅಂಗಿ ಬದಲಿಸಿ ಆಸ್ಪತ್ರೆಯ ಹಿಂದಿನ ಗೇಟಿಗೆ ಹೋದ. ಶವಾಗಾರದ ಕಾವಲುಗಾರ ಅವನಿಗೆ ಹಳೆಯ ಪರಿಚಯ. ಇಬ್ಬರೂ ಕಲ್ಲುಕಟ್ಟೆಯ ಮೇಲೆ ಕೂತು ಚಹಾ ತರಿಸಿಕೊಂಡರು. ಕಾವಲುಗಾರ ಏನನ್ನೂ ಮುಚ್ಚಿಡಲಿಲ್ಲ.

"ನಿಮ್ಮ ಮಗ ಮಾತಿಗೆ ತಪ್ಪೋನಲ್ಲ ಮೇಸ್ತ್ರಿ. ವಾರಕ್ಕೆ ಸರಿಯಾಗಿ ಬಂದು ಕೊಟ್ಟು ಹೋಗ್ತಾನೆ."

"ಎಲ್ಲರನ್ನೂ ನಮ್ಮಲ್ಲಿಗೇ ಕಳಿಸ್ತೀಯಾ?"

"ಎಲ್ಲರನ್ನೂ ಎಲ್ಲಿ? ಕೊಡೋ ಶಕ್ತಿ ಇರೋರನ್ನ ಮಾತ್ರ. ಕಾಲಲ್ಲಿ ಚಪ್ಪಲಿ ಇಲ್ಲದೋರನ್ನ ನಮ್ಮ ಕಡೆ ಕಳಿಸಬೇಡ, ಅಪ್ಪ ಸುಮ್ಮನೆ ಕೊಟ್ಟುಬಿಡ್ತಾರೆ ಅಂತ ಹೇಳಿದ್ದಾನೆ."

ಮೇಸ್ತ್ರಿಯ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. ಈ ವರ್ಷ ಶೆಡ್ಡಿನ ಬಾಗಿಲಿಗೆ ಬಡವರು ಬಂದದ್ದು ಕಡಿಮೆ. ಅವರ ಕಷ್ಟವೂ ಸ್ವಲ್ಪ ತೀರಿರಬೇಕು ಎಂದುಕೊಂಡಿದ್ದ ಅವನು. ಬಚ್ಚಲಲ್ಲಿ ಹಾಡುವಾಗ ಅದಕ್ಕೂ ಸೇರಿಸಿ ದೇವರಿಗೆ ಸ್ತೋತ್ರ ಹೇಳಿದ್ದ.

"ಹಾಗಾದ್ರೆ ಅವರೆಲ್ಲ ಎಲ್ಲಿಗೆ ಹೋಗ್ತಾರೆ?"

"ಎಲ್ಲಿಗೋ ಹೋಗ್ತಾರೆ. ಕೆಲವರು ಬಟ್ಟೆ ಸುತ್ತಿ ಒಯ್ತಾರೆ. ಮೊನ್ನೆ ಒಬ್ಬ ಬಾಗಿಲು ಕಿತ್ತುಕೊಂಡು ಬಂದಿದ್ದ, ಅದರ ಮೇಲೆ ಮಲಗಿಸಿಕೊಂಡು ಹೋಗೋಕೆ. ಚಹಾ ಆರಿಹೋಗುತ್ತೆ, ಕುಡೀರಿ."

ಮನೆಗೆ ಬಂದ ಮೇಸ್ತ್ರಿ ಮಗನ ಜೊತೆ ಜಗಳವಾಡಲಿಲ್ಲ. ಅದಕ್ಕಿಂತ ಜಗಳವೇ ಮೇಲೆನಿಸಿತು ಮಗನಿಗೆ. ಇಬ್ಬರೂ ಒಂದೇ ಶೆಡ್ಡಿನಲ್ಲಿ ಬೆನ್ನಿಗೆ ಬೆನ್ನು ಹಾಕಿ ಕೆಲಸ ಮಾಡಿದರು. ಉಳಿ ಬೇಕಾದರೆ ಕೇಳದೆ ಎದ್ದುಹೋಗಿ ತೆಗೆದುಕೊಂಡರು. ಸೊಸೆ ಹಳೆಯ ಮಿಷನ್ನಿನಲ್ಲೇ, ದಾರ ಕಿತ್ತಾಗಲೆಲ್ಲ ಬೈದುಕೊಳ್ಳುತ್ತಾ ಹೊಲಿದಳು. ಹೊಸದಕ್ಕೆ ಒಂದು ಬಟ್ಟೆ ಮುಚ್ಚಿ ಮೂಲೆಗೆ ಸರಿಸಿದಳು.

ಆರಾಧನೆಗೆ ಎರಡು ದಿನವಿದ್ದಾಗ ಸಭಾಪಾಲಕರು ಮನೆಗೆ ಬಂದರು. ಮೇಸ್ತ್ರಿಯ ಹೆಂಡತಿ ಚಹಾ, ಬಿಸ್ಕತ್ತು ತಂದಿಟ್ಟಳು. ಮಗ ತಾನು ಬರೆದಿದ್ದನ್ನು ತರಲು ಒಳಗೆ ಹೋಗಲಿದ್ದ. ಅಷ್ಟರಲ್ಲಿ ಮೇಸ್ತ್ರಿ ಬಾಯಿ ತೆರೆದ.

"ಅಯ್ಯನವರೇ, ನಮ್ಮ ಸಾಕ್ಷಿ ಬೇಡ. ಬೇರೆ ಯಾರನ್ನಾದ್ರೂ ಕರೀರಿ."

"ಯಾಕೆ ಮೇಸ್ತ್ರಿ? ದೇವರು ನಿಮಗೆ ಇಷ್ಟೆಲ್ಲ ಕೊಟ್ಟಿದ್ದಾನಲ್ಲ?"

"ಒಂದು ಮಾತು ಕೇಳ್ತೀನಿ, ತಪ್ಪು ತಿಳೀಬೇಡಿ. ನೀವು ಈ ಸಭೆಗೆ ಬಂದು ಬಹಳ ವರ್ಷ ಆಯ್ತು. ನಾವು ಹಿಂದಿನ ಬೆಂಚಲ್ಲಿ ಕೂರ್ತಿದ್ದಾಗ, ಬೇಳೆಗೆ ನೀರು ಹಾಕಿ ಕುಡೀತಿದ್ದಾಗ, ದುಡ್ಡಿಲ್ಲದವರಿಗೂ ಪೆಟ್ಟಿಗೆ ಮಾಡಿಕೊಟ್ಟಿದ್ದು ನಿಮಗೂ ಗೊತ್ತು. ಆಗ ಒಂದು ಸಲವಾದರೂ ಮುಂದೆ ಬಂದು ಸಾಕ್ಷಿ ಹೇಳಿ ಅಂದ್ರಾ? ಆವಾಗ ದೇವರು ನಮ್ಮ ಮನೇಲಿ ಇರಲಿಲ್ವಾ?"

ಸಭಾಪಾಲಕರು ಲೋಟವನ್ನು ಕೆಳಗಿಟ್ಟರು. ಅವರು ಕೆಟ್ಟ ಮನುಷ್ಯರಲ್ಲ. ಸಭೆಯಲ್ಲಿ ಯಾರಿಗೆ ಕೆಲಸ ಹೋಯಿತು, ಯಾರ ಮನೆಯಲ್ಲಿ ಕಾಯಿಲೆ ಎಂದು ಮನೆಮನೆ ತಿರುಗುವವರು. ಒಳ್ಳೆಯ ಸುದ್ದಿ ಹೇಳಲು ಒಂದು ಮನೆ ಸಿಕ್ಕಿತಲ್ಲ ಎಂದು ಖುಷಿಪಟ್ಟಿದ್ದರು ಅಷ್ಟೆ.

"ಇಲ್ಲ, ಕರೀಲಿಲ್ಲ," ಎಂದರು ಕೊನೆಗೆ. "ಕರೀಬೇಕು ಅಂತ ನನಗೆ ಹೊಳೀಲೂ ಇಲ್ಲ. ಮೇಸ್ತ್ರಿ, ಈಗ ನನ್ನ ಹತ್ರ ಹೇಳಿದ್ರಲ್ಲ, ಅದನ್ನೇ ಅಲ್ಲಿ ಬಂದು ಹೇಳಿ."

"ನನಗೆ ಮಾತಾಡೋಕೆ ಬರಲ್ಲ."

"ಈಗ ಬಂತಲ್ಲ," ಎಂದಳು ಅಜ್ಜಿ ಮೂಲೆಯಿಂದ.

ಆ ಭಾನುವಾರ ಹೊರಡುವ ಮುಂಚೆ ಮಗ ಬಹಳ ಹೊತ್ತು ಕನ್ನಡಿಯ ಮುಂದೆ ನಿಂತಿದ್ದ. "ಅಪ್ಪ ಇವತ್ತು ನನ್ನ ಮಾನ ಕಳೀತಾರೆ," ಎಂದ ಹೆಂಡತಿಗೆ.

"ಹಾಗಂತ ಮನೇಲೇ ಉಳೀತೀರಾ?"

"ಇಲ್ಲ. ಬರ್ತೀನಿ. ಕೇಳಿಸಿಕೊಳ್ತೀನಿ."

ಚರ್ಚು ತುಂಬಿತ್ತು. ಕೀರ್ತನೆ ಮುಗಿದಮೇಲೆ ಸಭಾಪಾಲಕರು ಮೇಸ್ತ್ರಿಯ ಕಡೆ ನೋಡಿದರು. ಅವನು ಎದ್ದು ಮುಂದೆ ಹೋಗಿ, ಎರಡು ಕೈಯನ್ನೂ ಎಲ್ಲಿಡಬೇಕೆಂದು ತಿಳಿಯದೆ ಬೆನ್ನ ಹಿಂದೆ ಕಟ್ಟಿಕೊಂಡ.

"ನಾನು ಪೆಟ್ಟಿಗೆ ಮಾಡೋನು, ನಿಮಗೆಲ್ಲ ಗೊತ್ತು. ನಿಮ್ಮಲ್ಲಿ ಸುಮಾರು ಮನೆಗೆ ನಾನೇ ಮಾಡಿಕೊಟ್ಟಿದ್ದೀನಿ. ಈಗ ನಮ್ಮ ಮನೇಲಿ ಕಷ್ಟ ಇಲ್ಲ. ಬಿಸಿನೀರು ಬರುತ್ತೆ. ಒಳ್ಳೆಯದು. ಅದಕ್ಕೆ ಸ್ತೋತ್ರ. ಮೊದಲು ಬರ್ತಿರಲಿಲ್ಲ. ಆಗಲೂ ದೇವರು ನಮ್ಮ ಕೈ ಬಿಟ್ಟಿರಲಿಲ್ಲ. ಇವತ್ತು ನಿಮಗೆ ಹೇಳಬೇಕಾದ್ದು ಅದಲ್ಲ. ಸ್ವಲ್ಪ ಕಾಲದಿಂದ ನಮ್ಮ ಮನೆಯವರು ದುಡ್ಡಿರೋರಿಗೆ ಮಾತ್ರ ಬಾಗಿಲು ತೆಗೆದಿದ್ವಿ. ಇಲ್ಲದೋರು ಬರದ ಹಾಗೆ ಮಾಡಿದ್ವಿ. ಅದು ನಮಗೆ ಆಶೀರ್ವಾದ ಅಂತ ಕಂಡಿತು. ತಪ್ಪಾಯ್ತು. ಇನ್ನುಮುಂದೆ ಯಾರ ಮನೇಲಿ ಸಾವಾದ್ರೂ ಬನ್ನಿ. ಪೆಟ್ಟಿಗೆ ಇರುತ್ತೆ. ಅಷ್ಟೇ."

ಅವನು ಬಂದು ಕೂತ. ಯಾರಿಗೂ 'ಆಮೆನ್' ಎನ್ನಬೇಕೋ ಬೇಡವೋ ತಿಳಿಯಲಿಲ್ಲ. ಹಿಂದಿನ ಬೆಂಚಿನಿಂದ ಯಾವುದೋ ಮುದುಕಿಯ ದನಿ ಮೊದಲು ಹೇಳಿತು. ಆಮೇಲೆ ಉಳಿದವರು ಹೇಳಿದರು.

ವಾಪಸ್ಸು ಬರುವಾಗ ವ್ಯಾನಿನಲ್ಲಿ ಮಗ ರಸ್ತೆಯ ಮೇಲೆ ಕಣ್ಣಿಟ್ಟುಕೊಂಡೇ ಕೇಳಿದ. "ಅಪ್ಪ, ಮಾಡಿದ್ದು ನಾನು. 'ನಾವು' ಅಂತ ಯಾಕೆ ಅಂದ್ರಿ?"

"ಬಿಸಿನೀರಲ್ಲಿ ಸ್ನಾನ ಮಾಡಿದ್ದು ನೀನೊಬ್ಬನೇನಾ?" ಎಂದ ಮೇಸ್ತ್ರಿ.

ಒಂದು ತಿರುವಿನಲ್ಲಿ ಮಗ ಗೇರು ಬದಲಿಸುವುದನ್ನು ಮರೆತ. ವ್ಯಾನ್ ಕೆಮ್ಮಿ ನಿಂತಿತು. ಹಿಂದಿನಿಂದ ಹಾರ್ನುಗಳ ಗದ್ದಲ. ಅವನು ಸ್ಟೀರಿಂಗ್ ಹಿಡಿದು ಹಾಗೇ ಕೂತಿದ್ದ. ವ್ಯಾನಿನಲ್ಲಿದ್ದ ಯಾರೂ ಅವನನ್ನು ಅವಸರಪಡಿಸಲಿಲ್ಲ.

ಸೋಮವಾರ ಬೆಳಿಗ್ಗೆ ಅವನೇ ಮಿಷನ್ನನ್ನು ವ್ಯಾನಿಗೆ ಏರಿಸಿದ. ಜೊತೆಗೆ ಸೊಸೆಯೂ ಹೋದಳು. ದರ್ಜಿಯ ಹೆಂಡತಿ ಬಾಗಿಲಲ್ಲೇ ತಡೆದಳು.

"ಮಾರಿದ ವಸ್ತು ನಾನು ಸುಮ್ಮನೆ ತಗೊಳ್ಳಲ್ಲ."

"ಪೆಟ್ಟಿಗೆಗೆ ಹೆಚ್ಚು ತಗೊಂಡಿದ್ದೆ ಅಕ್ಕ," ಎಂದ ಮಗ. ಆ ಮಾತು ಹೇಳಲು ಅವನಿಗೆ ಕಷ್ಟವಾಯಿತು. "ನಿಮಗೆ ಸಾದಾದ್ದು ತೋರಿಸಬೇಕಿತ್ತು. ತೋರಿಸಲಿಲ್ಲ. ಇದು ಸುಮ್ಮನೆ ಕೊಡ್ತಿರೋದಲ್ಲ."

ಅವಳು ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಕಿಟಕಿಯ ಹತ್ತಿರ ನೆಲದಲ್ಲಿ ಮಿಷನ್ನಿನ ನಾಲ್ಕು ಕಾಲಿನ ಗುರುತು ಇನ್ನೂ ಇತ್ತು. ಅಲ್ಲೇ ಇಟ್ಟರು. ಹೊರಡುವಾಗ ಸೊಸೆ ಮೆಲ್ಲಗೆ ಕೇಳಿದಳು: "ನಮ್ಮಲ್ಲಿ ಹೊಲಿಗೆ ಕೆಲಸ ಇದೆ. ನೀವು ಒಪ್ಪಿದರೆ ಮನೆಗೇ ತಂದುಕೊಡ್ತೀನಿ."

"ಪೆಟ್ಟಿಗೆ ಬಟ್ಟೆ ನಾನು ಹೊಲಿಯಲ್ಲ ಅಮ್ಮ. ಶಾಲೆ ಶುರುವಾಗುತ್ತೆ, ಮಕ್ಕಳ ಅಂಗಿ ಇವೆ," ಎಂದಳು ಅವಳು. ಆಗಲೇ ಬಗ್ಗಿ ಚಕ್ರ ತಿರುಗಿಸಿ ನೋಡುತ್ತಿದ್ದಳು.

ಎಲ್ಲ ಒಂದೇ ಸಲಕ್ಕೆ ಸರಿಹೋಗಲಿಲ್ಲ. ಕಾವಲುಗಾರನಿಗೆ ಕೊಡುವುದು ನಿಂತಮೇಲೆ ಅವನು ಬೇರೆ ಅಂಗಡಿಯ ಹೆಸರು ಹೇಳತೊಡಗಿದ. ವ್ಯಾನ್ ಬಹಳ ದಿನ ಮನೆಯ ಮುಂದೆಯೇ ನಿಂತಿರುತ್ತಿತ್ತು. ಭಾನುವಾರದ ಕೋಳಿ ತಿಂಗಳಿಗೊಮ್ಮೆ ಆಯಿತು. "ಗ್ಯಾಸ್ ಉಳೀತಲ್ಲ, ಸಾಕು," ಎಂದುಕೊಂಡಳು ಮೇಸ್ತ್ರಿಯ ಹೆಂಡತಿ, ಕೋಳಿಯ ಬದಲು ಆಲೂಗಡ್ಡೆ ಸುಲಿಯಲು ಕೂತು. ಸ್ಯಾಟಿನ್ ಪೆಟ್ಟಿಗೆಗಳೂ ಮುಂದಿನ ಕೋಣೆಯಲ್ಲೇ ಇದ್ದವು. ಬೇಕೆಂದವರು ಕೊಂಡರು. ಅವುಗಳ ಪಕ್ಕದಲ್ಲಿ, ಗಾಜಿಗೆ ಹತ್ತಿರ, ಮೇಸ್ತ್ರಿಯ ಸಾದಾ ಪೆಟ್ಟಿಗೆಗಳನ್ನು ಮಗನೇ ತಂದಿಟ್ಟ. ಅಪ್ಪ ಮಗನ ನಡುವೆ ಮಾತು ಮೊದಲಿನಷ್ಟು ಸಲೀಸಾಗಲು ಸಮಯ ಹಿಡಿಯಿತು. ಆದರೆ ಉಳಿ ಬೇಕಾದಾಗ ಒಬ್ಬ ಕೈ ಚಾಚುತ್ತಿದ್ದ, ಇನ್ನೊಬ್ಬ ಕೊಡುತ್ತಿದ್ದ.

ಒಂದು ಮುಂಜಾನೆ ಗಾಜಿನ ಬಾಗಿಲು ಆಗಷ್ಟೇ ತೆರೆದಿದ್ದಾಗ ಒಬ್ಬ ಮುದುಕ ಬಂದ. ರೈಲ್ವೆ ಗೋದಾಮಿನಲ್ಲಿ ಮೂಟೆ ಹೊರುತ್ತಿದ್ದವನು. ಹೆಂಡತಿ ತೀರಿಕೊಂಡಿದ್ದಳು. ಚರ್ಚಿನಲ್ಲಿ ಯಾರೋ ಹೇಳಿದರಂತೆ. ಅವನು ಹೊಸ್ತಿಲ ಹೊರಗೇ ಕಾಲು ಒರೆಸಿಕೊಳ್ಳುತ್ತಾ ನಿಂತ. ಮಗ ಒಳಗೆ ಕರೆದು ಕೂರಿಸಿ ನೀರು ಕೊಟ್ಟ. ಮುದುಕ ಹಿತ್ತಾಳೆ ಹಿಡಿಕೆಗಳನ್ನು ಒಂದೊಂದಾಗಿ ನೋಡಿದ. ಆಮೇಲೆ ಸಾದಾ ಪೆಟ್ಟಿಗೆಯ ಮುಚ್ಚಳದ ಮೇಲೆ ಅಂಗೈ ಇಟ್ಟ.

"ಇದಾದ್ರೆ ನನ್ನ ಕೈಲಾಗುತ್ತೆ. ಆದರೆ ಅಪ್ಪಾ, ನನ್ನ ಜೊತೆ ಬಾಳಿದ್ದಕ್ಕೆ ಅವಳಿಗೆ ನಾನು ಏನೂ ಕೊಟ್ಟವನಲ್ಲ. ಕೊನೆಗೂ ಇಷ್ಟೇನಾ ಅನ್ನಿಸುತ್ತೆ. ಇದು ಅವಳಿಗೆ ಸಾಕಾ?"

ಬಾಗಿಲ ಬಳಿ ಸೊಸೆಯ ಮಿಷನ್ನಿನ ಸದ್ದು ನಿಂತಿತು. ಎಷ್ಟೋ ಜನಕ್ಕೆ ಹೇಳಿ ರೂಢಿಯಾಗಿದ್ದ ಮಾತು ಮಗನ ನಾಲಿಗೆಯ ತುದಿಗೇ ಬಂದಿತ್ತು. ಅವನು ಬಗ್ಗಿ ಪೆಟ್ಟಿಗೆಯ ಒಂದು ತುದಿಯನ್ನು ಹಿಡಿದುಕೊಂಡ.

"ಸಾಕು ತಾತ," ಎಂದ. "ನಮ್ಮಜ್ಜನಿಗೂ ಇಂಥದ್ದೇ. ಅಪ್ಪ ಮಾಡಿದ್ರು, ನಾನು ಮೊಳೆ ಎತ್ತಿಕೊಟ್ಟಿದ್ದೆ. ಬನ್ನಿ, ವ್ಯಾನಿಗೆ ಇಡೋಣ. ನಾನೂ ನಿಮ್ಮ ಜೊತೆ ಬರ್ತೀನಿ."